ಖಾಲಿ ಡಬ್ಬಿ ವಾಪಸು ಕೊಡಬಾರದು

ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದ ನನ್ನ ಎರಡೂ ಕೈಗಳಿಗೆ ಆರು ತಿಂಗಳ ರಜೆ ಮಂಜೂರಾಗಿದೆ ಎಂದು ನನಗೆ ನಾನೇ ಆದೇಶ ಹೊರಡಿಸಿಕೊಂಡೆ. ಠಾಣಾ ಕುಶನೂರಿನ ಶಾಲೆಯಲ್ಲಿ ಗಣಿತ ಕಲಿಸುವ ನನ್ನನ್ನು ಬೀದರಿನ ಕಚೇರಿಯೊಂದಕ್ಕೆ ಆರು ತಿಂಗಳ ಮಟ್ಟಿಗೆ ನಿಯೋಜಿಸಿದ್ದರು. ಎಲ್ಲರೂ ದಿನಾ ಬಸ್ಸಿನಲ್ಲಿ ಹೋಗಿ ಬಾ ಎಂದರು. ನಾನು ಕೇಳಲಿಲ್ಲ. ಬೀದರಿನಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿಯುವುದು, ಆ ಖೋಲಿಯಲ್ಲಿ ಒಲೆಯೇ ಇಲ್ಲದಂತೆ ನೋಡಿಕೊಳ್ಳುವುದು, ಮೊಬೈಲಿನಲ್ಲಿ ಹೆಸರು ನೋಂದಾಯಿಸಿ ತಿಂಗಳಿಡೀ ಊಟದ ಡಬ್ಬಿ ತರಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಉಣ್ಣುವುದು ಎಂದು ತೀರ್ಮಾನಿಸಿದೆ. ನನ್ನ ಲೆಕ್ಕ ತಪ್ಪುವುದಿಲ್ಲ. ನಾನು ಗಣಿತದವಳು!

ತೊಗರಿ ಹಸನು ಮಾಡುತ್ತ ಕುಳಿತಿದ್ದ ಅತ್ತೆ ತಲೆ ಎತ್ತದೆಯೇ ಅಂದರು:

"ಮಂದಿ ಕೈಯಾಗಿಂದು ಉಣ್ತಿ ನೀ? ಎಂಟು ದಿನ ತಡ್ಯಾಂಗಿಲ್ಲ."

"ಒಂದು ತಿಂಗಳ ಉಂಡು ತೋರಸ್ತೇನಿ ಅತ್ತಿ. ಮನಿದು ಒಂದು ತುತ್ತು ಸುದ್ದಾ ಬಾಯಿಗಿ ಹಾಕೋಂಗಿಲ್ಲ."

"ಸೋತ್ರ?"

"ಸೋತ್ರ ಖೋಲಿ ಬಿಡ್ತೇನಿ. ನಸುಕಿನ್ಯಾಗ ಎದ್ದು ನಿಮಗ ರೊಟ್ಟಿ ಬಡದಿಟ್ಟು ದಿನಾ ಬಸ್ಸಿಗಿ ಹೋಗ್ತೇನಿ. ಸಾಕೇನ್ರಿ?"

ನಮ್ಮ ಯಜಮಾನರನ್ನು ನ್ಯಾಯ ಹೇಳಲು ಕರೆದೆವು. ಅವರು ಇಬ್ಬರ ಮುಖವನ್ನೂ ನೋಡಿ, "ಇಬ್ಬರ ಮಾತೂ ಬರೋಬ್ಬರಿ ಅದ" ಎಂದರು. ಮದುವೆಯಾದ ದಿನದಿಂದ ಅವರು ಕೊಟ್ಟಿರುವುದು ಇದೊಂದೇ ತೀರ್ಪು. ನನಗೆ ಆಗಲೇ ಸಿಟ್ಟು ಬಂತು.

ಹೊರಡುವ ದಿನ ಅತ್ತೆ ನನ್ನ ಚೀಲದಲ್ಲಿ ದೊಡ್ಡದೊಂದು ಸ್ಟೀಲ್ ಡಬ್ಬಿ ತುರುಕಿದರು. ಒಳಗೆ ಶೇಂಗಾ ಹಿಂಡಿ. ಹುರಿದ ಶೇಂಗಾ, ಒಣ ಮೆಣಸಿನಕಾಯಿ, ನಮ್ಮ ಹಿತ್ತಲ ಬೆಳ್ಳುಳ್ಳಿ ಹಾಕಿ ಒರಳಿನಲ್ಲಿ ಕುಟ್ಟಿದ ಚಟ್ನಿಪುಡಿ. "ಇರಲಿ ತಗೋ, ಆಪತ್ತಿಗಿ ಬರ್ತದ" ಅಂದರು. ಇದು ಪ್ರೀತಿಯಲ್ಲ, ಸವಾಲು! ಎಂಟನೆಯ ದಿನ ಹಸಿದು ನಾನು ಅದಕ್ಕೆ ಕೈ ಹಾಕಬೇಕು, ಅವರು ಗೆಲ್ಲಬೇಕು. ಆ ಡಬ್ಬಿಯನ್ನು ಮಂಚದ ಕೆಳಗೆ ಗೋಡೆಯವರೆಗೆ ತಳ್ಳಿ, ಸತ್ತರೂ ತಿನ್ನುವುದಿಲ್ಲ ಎಂದು ಪ್ರತಿಜ್ಞೆ ಮಾಡಿದೆ.

ಮರುದಿನ ಮಧ್ಯಾಹ್ನ ಡಬ್ಬಿ ತಲುಪಿಸುವ ಮಹಬೂಬ ಚಾಚಾ ತಮ್ಮ ಆಟೋದಲ್ಲಿ ಮೊದಲ ಊಟ ತಂದರು. ಬಿಳಿ ಗಡ್ಡದ, ಮೆತ್ತಗಿನ ಮಾತಿನ ಮನುಷ್ಯ. ಡಬ್ಬಿ ತೆರೆದೆ. ಬೇಳೆಯಲ್ಲಿ ಬೆಲ್ಲ. ಬದನೆಕಾಯಿಯಲ್ಲಿ ಬೆಲ್ಲ. ಹುಳಿ ಇರಲೆಂದು ಉಪ್ಪಿನಕಾಯಿ ನೆಕ್ಕಿದರೆ ಅದರಲ್ಲೂ ಬೆಲ್ಲ! ಜೋಳದ ರೊಟ್ಟಿ ಎಂದು ಕಳಿಸಿದ್ದನ್ನು ನಾಲ್ಕು ಮಡಿಕೆ ಮಾಡಿದರೂ ಮುರಿಯಲಿಲ್ಲ. ಕರವಸ್ತ್ರದ ಹಾಗೆ ಜೇಬಿನಲ್ಲಿಡಬಹುದಿತ್ತು. ಡಬ್ಬಿ ನಡೆಸುವ ಸುನಂದಾಬಾಯಿ ಎಂಬವರ ತವರು ಬೆಲ್ಲದ ಗಾಣದ ಪಕ್ಕದಲ್ಲೇ ಇರಬೇಕು. ಖಾರ ತಿಂದು ಬೆಳೆದ ನಾಲಿಗೆಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಆದರೂ ಕಣ್ಣು ಮುಚ್ಚಿ ನುಂಗಿದೆ. ಖೋಲಿ ಉಳಿಯಬೇಕಿತ್ತಲ್ಲ!

ಮೂರನೆಯ ದಿನಕ್ಕೆ ನನ್ನ ತಾಳ್ಮೆ ಮುಗಿಯಿತು. ಸುನಂದಾಬಾಯಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಬಾಯಿಮಾತಿನಲ್ಲಿ ಆಗದ ಕೆಲಸ ಕಾಗದದಲ್ಲಿ ಆಗುತ್ತದೆಂದು ಸರಕಾರಿ ನೌಕರಿ ಕಲಿಸಿದೆ. ಬರೆದೆ:

"ವಿಷಯ: ಬೇಳೆಯಲ್ಲಿ ಬೇಳೆ ಕಾಣೆಯಾಗಿ ಬೆಲ್ಲ ಪತ್ತೆಯಾದ ಬಗ್ಗೆ. ಉಲ್ಲೇಖ: ಮೊನ್ನೆಯ ಬದನೆಕಾಯಿ. ಮಾನ್ಯರೆ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಮನುಷ್ಯ ಜಾತಿಯವಳು, ಇರುವೆಯಲ್ಲ."

ಓದಿ ನನಗೇ ಹೆಮ್ಮೆಯಾಯಿತು. ಪತ್ರವನ್ನು ತೊಳೆದ ಡಬ್ಬಿಯಲ್ಲಿ ಇಟ್ಟು ಕಳಿಸುವುದೆಂದು ನಿಶ್ಚಯಿಸಿದೆ. ಆಗ ಇನ್ನೊಂದು ತಾಪತ್ರಯ ಎದುರಾಯಿತು.

ನಮ್ಮ ಕಡೆ ಯಾರದೇ ಮನೆಯ ಡಬ್ಬಿಯನ್ನು ಖಾಲಿ ಹಿಂತಿರುಗಿಸುವುದಿಲ್ಲ. ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲು ಹಿಡಿ ಶೇಂಗಾವನ್ನೋ ಎರಡು ಮೆಣಸಿನಕಾಯಿಯನ್ನೋ ಹೊತ್ತುಕೊಂಡು ಹೋಗಬೇಕು; ಏನೂ ಇಲ್ಲವೆಂದರೆ ಚಿಟಿಕೆ ಸಕ್ಕರೆಯಾದರೂ ಇರಬೇಕು. ಹಣ ಕೊಟ್ಟು ತರಿಸಿದ ಊಟಕ್ಕೆ ಇದು ಅನ್ವಯವಾಗುವುದಿಲ್ಲವೆಂದು ತಲೆಗೆ ಗೊತ್ತಿತ್ತು, ಆದರೆ ಕೈ ಕೇಳಲಿಲ್ಲ. ಮೊದಲೆರಡು ದಿನ ಅಂಗಡಿಯಿಂದ ತಂದ ಸಕ್ಕರೆ ಹಾಕಿ ಕಳಿಸಿದ್ದೆ. ಈ ಬೆಲ್ಲದ ಮನೆಗೆ ಇನ್ನೂ ಸಕ್ಕರೆ ಕಳಿಸುವುದೇ? ಆಗ ಮಂಚದ ಕೆಳಗಿನ ಶತ್ರು ನೆನಪಾಯಿತು. ತಿನ್ನುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದೆನೇ ಹೊರತು ದಾನ ಮಾಡುವುದಿಲ್ಲ ಎಂದಲ್ಲ. ಒಂದು ಹಿಡಿ ಹಿಂಡಿಯನ್ನು ದೂರಿನ ಪತ್ರದಲ್ಲೇ ಪುಡಿಕೆ ಕಟ್ಟಿ ಡಬ್ಬಿಯಲ್ಲಿಟ್ಟೆ. ಒಂದೇ ಕಲ್ಲಿಗೆ ಎರಡು ಹಕ್ಕಿ!

ಸಂಜೆ ಸುನಂದಾಬಾಯಿಯ ಸಂದೇಶ ಬಂತು: "ಮೇಡಂ, ನೀವು ಡಬ್ಬಿಯಾಗ ಹಾಕಿ ಕಳಿಸಿದ್ದು ಭಾಳ ಛಲೋ ಅದ ರಿ. ಮನಿ ಮಂದಿಯೆಲ್ಲಾ ಖುಷಿ ಪಟ್ಟೇವಿ. ದಿನಾ ಕಳಸ್ರಿ."

ನನ್ನ ಮೈಯೆಲ್ಲ ಉರಿದುಹೋಯಿತು. ದೂರು ಓದಿ ಮನೆ ಮಂದಿಯೆಲ್ಲ ಕೂತು ನಕ್ಕರೇ? ದಿನಾ ಬೇಕಂತೆ! ಕೊಡುತ್ತೇನೆ, ತಗೊಳ್ಳಿ! ಮರುದಿನ ಎರಡು ಪುಟ ಬರೆದೆ, ಎರಡು ಹಿಡಿ ಕಟ್ಟಿದೆ. ಅದರ ಮರುದಿನ ಕೆಂಪು ಶಾಯಿಯಲ್ಲಿ "ಕೊನೆಯ ಜ್ಞಾಪನ" ಬರೆದೆ. ಅದಾದ ಮೇಲೆ "ಕಟ್ಟಕಡೆಯ ಜ್ಞಾಪನ" ಬರೆದೆ. ಸಿಟ್ಟು ಏರಿದಷ್ಟೂ ಕಾಗದ ಹೆಚ್ಚಾಯಿತು, ಕಾಗದ ಹೆಚ್ಚಾದಷ್ಟೂ ಹಿಂಡಿ ಹೆಚ್ಚಾಯಿತು. ಅತ್ತ ಕಡೆಯಿಂದ ಬರುವ ಉತ್ತರವೂ ಬದಲಾಗಲಿಲ್ಲ: "ಅಗದೀ ಮಸ್ತ ರಿ ಮೇಡಂ!" ಮೂರು ವಾರ ಮುಗಿಯುವಷ್ಟರಲ್ಲಿ ನನ್ನ ಶಬ್ದಭಂಡಾರವೂ ಬರಿದಾಯಿತು, ಅತ್ತೆಯ ಸ್ಟೀಲ್ ಡಬ್ಬಿಯೂ ಬರಿದಾಯಿತು.

ನಾಲ್ಕನೆಯ ವಾರದಲ್ಲಿ ಒಂದು ಪವಾಡ ನಡೆಯಿತು. ಮಧ್ಯಾಹ್ನದ ಡಬ್ಬಿಯ ಮೇಲಿನ ಬಟ್ಟಲಲ್ಲಿ ಎಣ್ಣೆ ಕಲಸಿ ಉಳ್ಳಾಗಡ್ಡಿ ಉದುರಿಸಿದ ಹಿಂಡಿ ಬಂದಿತ್ತು. ಒಂದು ಚೂರು ನಾಲಿಗೆಗೆ ಹಚ್ಚಿದೆ. ಬೆಲ್ಲವಿಲ್ಲ! ಕಣ್ಣಲ್ಲಿ ನೀರು ಬಂತು. ಕರವಸ್ತ್ರದಂಥ ರೊಟ್ಟಿ ಎರಡು ಹೆಚ್ಚೇ ಹೋದವು. ಅಂತೂ ನನ್ನ ಪತ್ರಗಳು ಕೆಲಸ ಮಾಡಿದ್ದವು. ಮೊಬೈಲಿನಲ್ಲಿ ಐದಕ್ಕೆ ಐದು ನಕ್ಷತ್ರ ಕೊಟ್ಟು, ಕೈ ತೊಳೆಯದೆ ಊರಿಗೆ ಫೋನ್ ಹಚ್ಚಿದೆ.

"ಅತ್ತಿ, ಹಿಂಡಿ ಅಂದ್ರ ಹ್ಯಾಂಗಿರ್ಬೇಕು ಅಂಬೋದು ಇಲ್ಲಿ ಬಂದು ನೋಡ್ರಿ! ಬಳ್ಳೊಳ್ಳಿ ಎಷ್ಟು ಬೇಕೋ ಅಷ್ಟೇ. ನೀವೂ ಸ್ವಲ್ಪ ಕಲೀರಿ."

ಅತ್ತೆ ಸಣ್ಣ ದನಿಯಲ್ಲಿ, "ಆಗಲವ್ವಾ, ಬಂದು ಕಲಿತೀನಿ" ಅಂದರು.

ತಿಂಗಳ ಕೊನೆಯ ದಿನ ಭಾನುವಾರ. ಅತ್ತೆ ಇಳಕಲ್ ಸೀರೆ ಉಟ್ಟು, ಮಗನನ್ನು ಹಿಂದೆ ಕರೆದುಕೊಂಡು ಬಸ್ಸಿಳಿದು ನೇರ ಖೋಲಿಗೆ ಬಂದರು. ನಾನು ವಿಜಯಿಯ ಗತ್ತಿನಲ್ಲಿ ಡಬ್ಬಿ ಬಿಚ್ಚಿ ಹಿಂಡಿಯ ಬಟ್ಟಲನ್ನು ಅವರ ಮುಂದೆ ಸರಿಸಿದೆ. ಅತ್ತೆ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಇನ್ನೊಂದು ಚಿಟಿಕೆ ತೆಗೆದರು. ಆಮೇಲೆ ಖೋಲಿಯೆಲ್ಲ ಕಣ್ಣಾಡಿಸಿ, ಬಗ್ಗಿ ಮಂಚದ ಕೆಳಗಿಂದ ತಮ್ಮ ಸ್ಟೀಲ್ ಡಬ್ಬಿ ಎಳೆದು ಮುಚ್ಚಳ ತೆಗೆದರು.

"ಖಾಲಿ ಅದಲ್ಲ! ನೀನೇ ತಿಂದಿಯೇನು?"

ಗಣಿತದವಳು ಸಿಕ್ಕಿಬಿದ್ದೆ. ತಿಂದೆ ಎಂದರೆ ಪಂದ್ಯ ಸೋತೆ. ತಿಂದಿಲ್ಲ ಎಂದರೆ ಅಷ್ಟು ಹಿಂಡಿ ಎಲ್ಲಿ ಹೋಯಿತು?

"ಒಂದು ಚಿಟಿಕಿ ಸುದ್ದಾ ಬಾಯಿಗಿ ಹಾಕಿಲ್ರಿ ಅತ್ತಿ, ದೇವರಾಣಿ!" ಎಂದೆ.

ಅಷ್ಟರಲ್ಲಿ ಖಾಲಿ ಡಬ್ಬಿ ಒಯ್ಯಲು ಮಹಬೂಬ ಚಾಚಾ ಬಾಗಿಲಲ್ಲಿ ನಿಂತರು.

"ಸಲಾಂ ಮೇಡಂ. ಸುನಂದಾಬಾಯಿ ಕೇಳ್ಯಾರ ರಿ, ಆ ನಿಮ್ಮ ಹಿಂಡಿ ಇನ್ನೊಂದು ಡಬ್ಬಿ ಸಿಗ್ತದೇನು ಅಂತ. ದಿನಾ ನೀವು ಕಳಿಸಿದ್ದು ಒಂದು ಬರಣಿಯಾಗ ಕೂಡಿಸಿ ಇಟ್ಟಿದ್ರು. ಈ ವಾರ ಎಲ್ಲಾ ಗಿರಾಕಿಗೋಳಿಗಿ ಅದೇ ಹಂಚ್ಯಾರ ರಿ. ಮಂದಿ ಹುಚ್ಚಾಗ್ಯಾರ!"

ನಾನು ಬಾಗಿಲಿಗೆ ಓಡಿದೆ. "ಚಾಚಾ, ಆ ಕಾಗದ ಯಾರೂ ಓದಿಲ್ಲೇನ್ರಿ?"

"ಯಾವ ಕಾಗದ? ಹಿಂಡಿ ಕಟ್ಟಿದ ಪುಡಕಿ ಏನ್ರಿ? ಅದು ಎಣ್ಣಿ ಕುಡದು ಕುಡದು ಒಂದಕ್ಷರಾನೂ ಕಾಣ್ತಿರಲಿಲ್ರಿ ಮೇಡಂ. ಒಲಿಗಿ ಭಾಳ ಕೆಲಸಕ್ಕ ಬಂತು."

ಯಜಮಾನರು ಗೋಡೆಯ ಕಡೆ ತಿರುಗಿ ನಿಂತರು. ಅವರ ಬೆನ್ನು ಕುಲುಕುತ್ತಿತ್ತು. ಅತ್ತೆ ಮಾತ್ರ ನಗಲಿಲ್ಲ.

"ಇಪ್ಪತ್ತೆರಡು ವರ್ಷ ನನ್ನ ಕೈಯಾಂದು ಹಿಂಡಿ ತಿಂದಿ. ಒಂದಿನ ಛಲೋ ಆಗ್ಯಾದ ಅಂದಿಲ್ಲ. ಮಂದಿ ಬಟ್ಟಲದಾಗ ಬಂದ ಮ್ಯಾಲ ಅಂದಿ."

ನಿಜಕ್ಕೂ ನಾಚಿಕೆಯಾಯಿತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ನಿಂತುಕೊಂಡೇ ಉಣ್ಣುವ ನಾನು ಆ ಹಿಂಡಿಯ ರುಚಿಯನ್ನು ಯಾವತ್ತೂ ಗಮನಿಸಿಯೇ ಇರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಲು ಸಿಟ್ಟು ಬಿಡಲಿಲ್ಲ. ಪಂದ್ಯದ ಮಾತೆತ್ತಿದೆ. "ಸೋತೆನೋ ಗೆದ್ದೆನೋ ನೀವೇ ಹೇಳ್ರಿ" ಎಂದು ಯಜಮಾನರತ್ತ ತಿರುಗಿದೆ. ಇಬ್ಬರ ಮಾತೂ ಬರೋಬ್ಬರಿ ಎನ್ನುತ್ತಾರೆಂಬ ಧೈರ್ಯವಿತ್ತು. ಅವರು ಕಣ್ಣೊರೆಸಿಕೊಂಡು, ಜೀವನದಲ್ಲಿ ಮೊದಲ ಸಲ ಬೇರೆ ತೀರ್ಪು ಕೊಟ್ಟರು:

"ವಾರ ಪೂರ್ತಿ ಮನಿ ಹಿಂಡಿ ತಿಂದಿದಿ. ಸೋತಿ!"

ಈಗ ನಾನು ನಸುಕಿನಲ್ಲಿ ಎದ್ದು, ರೊಟ್ಟಿ ಬಡಿದಿಟ್ಟು, ಠಾಣಾ ಕುಶನೂರಿನಿಂದ ಮೊದಲ ಬಸ್ಸು ಹಿಡಿಯುತ್ತೇನೆ. ತೊಡೆಯ ಮೇಲೆ ಅತ್ತೆಯ ಸ್ಟೀಲ್ ಡಬ್ಬಿ ಇರುತ್ತದೆ. ಸುನಂದಾಬಾಯಿಯ ಗಿರಾಕಿಗಳಿಗೆ ದಿನವೂ ತಾಜಾ ಹಿಂಡಿ ಬೇಕಂತೆ; ಅತ್ತೆ ಕುಟ್ಟುತ್ತಾರೆ, ನಾನು ಹೊರುತ್ತೇನೆ. ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ಮಹಬೂಬ ಚಾಚಾ ನನ್ನನ್ನು ತಮ್ಮ ಕಸುಬಿನವಳೆಂದೇ ಬಗೆದು ಸಲಾಂ ಮಾಡಿ ಡಬ್ಬಿ ಒಯ್ಯುತ್ತಾರೆ.

ಸಂಜೆ ಆ ಸ್ಟೀಲ್ ಡಬ್ಬಿ ನನ್ನ ಕೈಗೆ ಮರಳಿ ಬರುತ್ತದೆ. ಖಾಲಿ ಕೊಡಬಾರದೆಂಬ ರೀತಿಯನ್ನು ಸುನಂದಾಬಾಯಿಯೂ ಕಲಿತಿದ್ದಾರೆ. ದಿನವೂ ಅದರ ತುಂಬ ಬೆಲ್ಲದ ಬೇಳೆ ಹಾಕಿ ಕಳಿಸುತ್ತಾರೆ. ಅತ್ತೆ ಒಂದು ಚಮಚ ರುಚಿ ನೋಡಿ, ಉಳಿದದ್ದನ್ನೆಲ್ಲ ನನ್ನ ತಾಟಿಗೆ ಸುರಿಯುತ್ತಾರೆ.

"ಉಣ್ಣವ್ವಾ," ಅನ್ನುತ್ತಾರೆ, "ನಿನಗ ಮಂದಿ ಕೈಯಾಂದೇ ಸೇರ್ತದಲ್ಲ!"