ನಾನು ಬಾಯಿ ಬಿಟ್ಟ ಪ್ರಸಂಗ

"ಹಲ್ಲಿನ ಡಾಕ್ಟರೆಂದರೆ ನಮ್ಮ ಮಗಳು ಮಿರೆಂಬೆಗಿರುವ ಭಯವನ್ನು ಹತ್ತೇ ನಿಮಿಷದಲ್ಲಿ ಬುಡಸಮೇತ ಕಿತ್ತೆಸೆಯುತ್ತೇನೆ!" ಎಂದು ನಾನು ಘೋಷಿಸಿದಾಗ ಹೆಂಡತಿ ನಮುಕೋಸೆ ಮಟೋಕೆ ಬೇಯಿಸಲು ಬಾಳೆಕಾಯಿ ಸುಲಿಯುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ನೀವು ಸುಮ್ನಿದ್ರೆ ಅರ್ಧ ಭಯ ತಾನಾಗೇ ಹೋಗುತ್ತೆ ಕಣ್ರೀ."

ಜಿಂಜಾ ಪಟ್ಟಣದ ಶಾಲೆಯಲ್ಲಿ ಎಂಬತ್ತು ಮಕ್ಕಳ ತರಗತಿಯನ್ನು ಒಂದೇ ಕೆಮ್ಮಿನಲ್ಲಿ ಅಡಗಿಸುವ ಮೇಷ್ಟ್ರು ನಾನು! ಏಳು ವರ್ಷದ ಮಗಳ ಒಂದು ಹಲ್ಲು ಯಾವ ಮಹಾ? ಆದರೆ ಆ ಹಲ್ಲು ಹುಳುಕಾಗಿ ಮೂರು ದಿನದಿಂದ ಅವಳ ಕೆನ್ನೆ ಊದಿತ್ತು. ಹೋದ ವಾರ ಡಾಕ್ಟರ ಬೆರಳು ಕಚ್ಚಿ ಓಡಿಬಂದವಳು, ಈಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಸುತ್ತುತ್ತಿದ್ದಳು. ಹತ್ತು ಗಂಟೆಗೆ ಮತ್ತೆ ಹೋಗಬೇಕಿತ್ತು.

"ನೀನೇ ಡಾಕ್ಟರು, ನಾನು ರೋಗಿ," ಎಂದು ಕುರ್ಚಿಯಲ್ಲಿ ಒರಗಿದೆ. ಮಗಳು ಟಾರ್ಚು, ಚಮಚ ಹಿಡಿದು ಬಂದಳು.

"ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ. ಇನ್ನೂ!"

ತೆಗೆದೆ. ವಿಕ್ಟೋರಿಯಾ ಸರೋವರದಷ್ಟು ಅಗಲಕ್ಕೆ ತೆಗೆದೆ! ಕಿವಿಯ ಬುಡದಲ್ಲಿ ಏನೋ 'ಟಕ್' ಎಂದಿತು. ದವಡೆ ಕೀಲು ತಪ್ಪಿ ಹಾಗೇ ನಿಂತುಬಿಟ್ಟಿತು.

"ಆ... ಆಆ!"

"ಅಮ್ಮಾ, ಅಪ್ಪ ಎಷ್ಟ್ ಚೆನ್ನಾಗಿ ಆಡ್ತಾನೆ ನೋಡು!"

"ಆಡಿದ್ದು ಸಾಕು. ಬಾಡಿಗೆ ಬೋಡಾ ಬೈಕ್ ಬಂತು. ಬಾಯಿ ಮುಚ್ಕೊಂಡು ಹೊರಡಿ!"

ಹನ್ನೊಂದು ವರ್ಷದ ದಾಂಪತ್ಯದಲ್ಲಿ ಬಾಯಿ ಮುಚ್ಚಿ ಎಂದು ಅವಳು ಸಾವಿರ ಸಲ ಹೇಳಿದ್ದಾಳೆ. ಪಾಲಿಸಬೇಕೆಂದು ಮನಸಾರೆ ಬಯಸಿದ್ದು ಅದೇ ಮೊದಲು. ಆಗಲಿಲ್ಲ!

ನನ್ನ ಕಣ್ಣೀರು ನೋಡಿದ ಮೇಲೆ ಅವಳಿಗೆ ವಿಷಯ ತಿಳಿಯಿತು. ಮೂವರೂ ಬೈಕಿನ ಮೇಲೆ ಒತ್ತಿಕೊಂಡು ಕೂತೆವು.

"ಮೇಷ್ಟ್ರು ನಗ್ತಿದಾರೋ ಅಳ್ತಿದಾರೋ?" ಬೈಕಿನವನಿಗೆ ಅನುಮಾನ.

"ನೊಣ ಒಳಗೆ ಹೋಗೋಕ್ ಮುಂಚೆ ನಡಿಯಪ್ಪ!" ಎಂದಳು ನಮುಕೋಸೆ.

ಕ್ಲಿನಿಕ್ಕಿನಲ್ಲಿ ಹಲ್ಲಿನ ಡಾಕ್ಟರಮ್ಮ ಅಚೋಲಾ ಎರಡೂ ಹೆಬ್ಬೆರಳನ್ನು ನನ್ನ ಬಾಯೊಳಗಿಟ್ಟರು. ನನ್ನ ಶೌರ್ಯವೆಲ್ಲ ಜೊಲ್ಲಾಗಿ ಸುರಿಯಿತು! ಕಾಲು ಝಾಡಿಸಿದ ರಭಸಕ್ಕೆ ಸ್ಟೂಲು ಉರುಳಿತು. ಮೂಲೆಯಲ್ಲಿ ನಡುಗುತ್ತಿದ್ದ ಮಿರೆಂಬೆ ಮೆಲ್ಲಗೆ ಬಂದು ನನ್ನ ಕೈ ಹಿಡಿದಳು.

"ಮೂಗಲ್ಲಿ ಉಸಿರಾಡಪ್ಪ. ನಾನಿದೀನಲ್ಲ."

ಡಾಕ್ಟರು ಒತ್ತಿದರು. ದವಡೆ ಸ್ವಸ್ಥಾನಕ್ಕೆ ಮರಳಿತು. ಗದ್ದದಿಂದ ನೆತ್ತಿಯವರೆಗೆ ಪಟ್ಟಿ ಕಟ್ಟಿ, "ಎರಡು ವಾರ ಜಾಸ್ತಿ ಮಾತಾಡ್ಬೇಡಿ," ಎಂದರು.

"ನಾಕು ಮಾಡಿ ಡಾಕ್ಟ್ರೇ," ಎಂದಳು ನಮುಕೋಸೆ.

ಅಷ್ಟರಲ್ಲಿ ಮಿರೆಂಬೆ, ಯಾರೂ ಕರೆಯದೆ, ನಾನು ಇಳಿದ ರೋಗಿಯ ಕುರ್ಚಿಯನ್ನು ತಾನೇ ಹತ್ತಿ ಕೂತಿದ್ದಳು! ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ಅಂತೂ ನನ್ನ ಉಪಾಯ ಫಲಿಸಿತು!

ಮಗಳು ಡಾಕ್ಟರ ಕಿವಿಯ ಹತ್ತಿರ ಬಾಗಿ, ಇಡೀ ಕೋಣೆಗೆ ಕೇಳುವಂತೆ ಪಿಸುಗುಟ್ಟಿದಳು:

"ನಾನು ಕಚ್ಚಲ್ಲ ಆಂಟಿ. ಆದ್ರೆ ಮೊದ್ಲು ಅಪ್ಪನ್ನ ಹೊರಗೆ ಕೂರಿಸಿ. ನೋಡಿದ್ರೆ ಪಾಪ, ಹೆದರ್ಕೋತಾನೆ."