ರಸ್ತೆ ಆಚೆ ಅಕ್ಕನ ಮನೆ

ಯಾರು ಯಾವುದಕ್ಕೆ ಹೆದರ್ತಾರೋ ಅದನ್ನೇ ಅವರ ತಲೆಗೆ ಕಟ್ಟೋದು ನಮ್ಮ ಊರಿನ ಪದ್ಧತಿ. ಇಲ್ಲದಿದ್ರೆ ನನ್ನಂಥ ಪುಕ್ಕಲಿಯನ್ನು ಯಾರಾದ್ರೂ ಸಂಚಾರ ಮತ್ತು ಪಾದಚಾರಿ ಸುರಕ್ಷತಾ ಸಲಹಾ ಸಮಿತಿಗೆ ಸೇರಿಸ್ತಿದ್ರಾ, ನೀವೇ ಹೇಳಿ? ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದ್ರೆ ಮುಂದಿನ ಸಭೆಯಲ್ಲಿ ನನಗೆ ಕಾಫಿ ಸಿಗಲ್ಲ. ಕೊಡಗಿನ ಒಂದು ಚಿಕ್ಕ ಪೇಟೆ, ನಡುವೆ ಒಂದೇ ದೊಡ್ಡ ರಸ್ತೆ, ವಾರದ ಕೊನೆ ಬಂತು ಅಂದ್ರೆ ಸಾಲು ಸಾಲು ಪ್ರವಾಸಿ ಕಾರು. ಅಷ್ಟು ಗೊತ್ತಿದ್ರೆ ಸಾಕು.

ನಾನು ಹೈಸ್ಕೂಲ್ ಟೀಚರಾಗಿದ್ದು ರಿಟೈರ್ ಆದವಳು. ರಸ್ತೆಯ ಈ ಕಡೆ ನನ್ನ ಮನೆ, ಆ ಕಡೆ ನಮ್ಮಕ್ಕನ ಮನೆ. ಎದುರುಬದುರು. ಮಂಡಿ ಆಪರೇಷನ್ ಆದ ಮೇಲೆ ಅಕ್ಕ ಗೇಟು ದಾಟೋ ಹಾಗಿಲ್ಲ, ನಾನೇ ಹೋಗಬೇಕು. ನನಗೋ, ರಸ್ತೆಗೆ ಕಾಲಿಡಬೇಕು ಅಂದ್ರೆ ಎದೆ ಡವಡವ. ಜಗಲಿಯಲ್ಲಿ ಕೂತ ಅವಳು ನನಗೆ ಕಾಣ್ತಾಳೆ, ನಾನು ಅವಳಿಗೆ ಕಾಣ್ತೀನಿ. ಮಧ್ಯೆ ಈ ಹಾಳು ರಸ್ತೆ.

ಆಟೋದಲ್ಲಿ ಆಚೆ ಕಡೆ

ಹುಟ್ಟಿನಿಂದ ಪುಕ್ಕಲಿ ಏನಲ್ಲ ನಾನು. ಒಂದು ದಿನ ಅಕ್ಕನಿಗೆ ಅಂತ ಕೋಡುಬಳೆ ಮಾಡಿ, ಬ್ಯಾಗಿಗೆ ಹಾಕಿಕೊಂಡು ರಸ್ತೆಗೆ ಇಳಿದೆ. ಎಲ್ಲಿಂದ ಬಂತೋ ಒಂದು ಕಾರು, ಅದರ ಕನ್ನಡಿಗೆ ಬ್ಯಾಗಿನ ಹಿಡಿ ಸಿಕ್ಕಿಕೊಂಡ್ತು. ನಾನು ಕೈ ಬಿಟ್ಟೆ, ಕಾರು ಬಿಡಲಿಲ್ಲ. ಬ್ಯಾಗು ಸೀದಾ ಪಕ್ಕದೂರು ಬಿಟ್ಟಂಗಾಲದವರೆಗೆ ಹೋಯ್ತು. ಡ್ರೈವರ್ ಪಾಪ ಒಳ್ಳೆಯವನು, ಸಂಜೆ ವಾಪಸ್ ತಂದು ಕೊಟ್ಟ, ಕೋಡುಬಳೆ ತುಂಬಾ ಚೆನ್ನಾಗಿತ್ತು ಅಂತಲೂ ಹೇಳಿ ಹೋದ. ಬ್ಯಾಗಿನ ಜಾಗದಲ್ಲಿ ನನ್ನ ಕೈ ಸಿಕ್ಕಿದ್ರೆ? ನೆನೆಸಿಕೊಂಡ್ರೆ ಈಗಲೂ ಬೆನ್ನಲ್ಲಿ ಬೆವರು ಇಳಿಯುತ್ತೆ.

ಆವತ್ತಿನಿಂದ ನನ್ನಿಂದ ರಸ್ತೆ ದಾಟೋಕೆ ಆಗಲೇ ಇಲ್ಲ. ರಸ್ತೆ ಅಂಚಿಗೆ ಹೋಗ್ತಿದ್ದೆ, ನಿಲ್ತಿದ್ದೆ, ವಾಪಸ್ ಬರ್ತಿದ್ದೆ. ಅಕ್ಕ ಆ ಕಡೆಯಿಂದ "ಬಾರೇ, ಏನೂ ಆಗಲ್ಲ!" ಅಂತ ಕೂಗೋಳು. ಅವಳಿಗೇನು, ಅವಳು ಕೂತಿರೋದು ಕುರ್ಚಿ ಮೇಲೆ. ಕೊನೆಗೆ ಒಂದು ಆಟೋ ನಿಲ್ಲಿಸಿದೆ.

"ಎಲ್ಲಿಗೆ ಟೀಚರ್?" ಅಂದ ಆಟೋದವನು.

"ಅಲ್ಲಿಗೆ," ಅಂತ ಎದುರುಗಡೆಯ ನೀಲಿ ಗೇಟು ತೋರಿಸಿದೆ.

ಅವನು ಗೇಟು ನೋಡಿದ, ನನ್ನ ಮುಖ ನೋಡಿದ. ಆಟೋ ತಿರುಗಿಸೋಕೆ ಅಂತ ಕಾದ, ಕಾದ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಎಂಜಿನ್ ಆಫ್ ಮಾಡಿ ಹೇಳಿದ, "ಟೀಚರ್, ನನಗೂ ಹೆದರಿಕೆ ಆಗ್ತದೆ. ಬಸ್‌ಸ್ಟ್ಯಾಂಡ್ ಸುತ್ತಿಕೊಂಡು ಹೋಗುವನಾ?"

ನಡು ರಸ್ತೆಯಲ್ಲಿ ಸಮಿತಿ

ಮನೆ ಮುಂದೆ ಒಂದು ಜೀಬ್ರಾ ಪಟ್ಟಿ ಹಾಕಿಸಿಕೊಡಿ ಅಂತ ಪಂಚಾಯಿತಿಗೆ ಅರ್ಜಿ ಕೊಟ್ಟೆ. ಪಟ್ಟಿ ಬರಲಿಲ್ಲ, ನನ್ನನ್ನೇ ಸಮಿತಿಗೆ ಸೇರಿಸಿಕೊಂಡಿದ್ದೀವಿ ಅನ್ನೋ ಸುದ್ದಿ ಬಂತು. ಸಮಿತಿಯಲ್ಲಿ ನಾವು ನಾಲ್ಕು ಜನ. ಅಧ್ಯಕ್ಷರು ಮಿಲಿಟರಿಯಿಂದ ಬಂದು ಕಾಫಿ ತೋಟ ನೋಡಿಕೊಳ್ಳೋರು. ಆಮೇಲೆ ಬೇಕರಿ ಕಾಕ, ಮಲಯಾಳ ಬೆರೆಸಿದ ಕನ್ನಡ, ಧಾರಾಳ ಮನಸ್ಸು. ಮತ್ತೆ ಇಂಜಿನಿಯರ್, ಹಾಸನದ ಕಡೆಯ ಹುಡುಗ, ಸದಾ ಟೇಪು ಹಿಡಿದುಕೊಂಡೇ ಇರ್ತಾನೆ. ಕೊನೆಗೆ ನಾನು.

ಮೊದಲ ಸಭೆಯಲ್ಲೇ ಸ್ಥಳ ಪರಿಶೀಲನೆ ಅಂತಾಯ್ತು. ಪಾದಚಾರಿಗಳ ಕಷ್ಟ ತಿಳೀಬೇಕಾದ್ರೆ ಪಾದಚಾರಿಗಳಾಗಿಯೇ ದಾಟಬೇಕು ಅಂದ್ರು ಅಧ್ಯಕ್ಷರು. ಮಾತೇನೋ ಸರಿ. ಅವರು ಜೀಪು ಬಿಟ್ಟು ರಸ್ತೆಗೆ ಇಳಿದು ಎಷ್ಟು ವರ್ಷ ಆಗಿತ್ತೋ ದೇವರಿಗೇ ಗೊತ್ತು.

ಬೆಳಗ್ಗೆ, ಮಂಜು ಇನ್ನೂ ಕರಗಿರಲಿಲ್ಲ. ನಾಲ್ಕು ಜನವೂ ಕೈ ಕೈ ಹಿಡಿದುಕೊಂಡು ಹೊರಟ್ವಿ. ಅರ್ಧ ರಸ್ತೆಗೆ ಹೋಗೋಷ್ಟರಲ್ಲಿ ಆ ಕಡೆಯಿಂದ ಲಾರಿ, ಈ ಕಡೆಯಿಂದ ಬಸ್ಸು. ಮುಂದೆ ಹೋಗೋ ಹಾಗಿಲ್ಲ, ಹಿಂದೆ ಬರೋ ಹಾಗಿಲ್ಲ. ಕಣ್ಣು ಮುಚ್ಚಿಕೊಂಡೆ. ಕಾಕ "ಪಡಚ್ಚೋನೇ!" ಅಂತ ದೇವರನ್ನು ಕರೀತಿದ್ರು. ನನ್ನ ಕೈ ಹಿಡಿದಿದ್ದ ಅಧ್ಯಕ್ಷರು ಮೆಲ್ಲಗೆ ನನ್ನ ಬೆನ್ನ ಹಿಂದೆ ಸರಿದ್ರು.

"ಸಾರ್, ನೀವು ಗಡಿಯಲ್ಲಿ ಗುಂಡಿಗೆ ಎದೆ ಕೊಟ್ಟವರು," ಅಂದೆ.

"ಅಲ್ಲಿ ಶತ್ರು ಒಂದೇ ಕಡೆಯಿಂದ ಬರ್ತಿದ್ದ ಟೀಚರೇ!" ಅಂದ್ರು ಅಧ್ಯಕ್ಷರು.

ಅಷ್ಟು ಹೊತ್ತಿಗೆ ಒಂದು ಕಾರು ನಮ್ಮ ಪಕ್ಕದಲ್ಲೇ ನಿಂತ್ಕೊಂಡ್ತು. ಅಬ್ಬಾ, ಯಾರೋ ಪುಣ್ಯಾತ್ಮ ನಮಗೋಸ್ಕರ ನಿಲ್ಲಿಸಿದ ಅಂತ ಕಣ್ಣಲ್ಲಿ ನೀರೇ ಬಂತು. ಗಾಜು ಇಳೀತು. "ಅಂಕಲ್, ಕಕ್ಕಬೆಗೆ ಯಾವ ಕಡೆ ಹೋಗಬೇಕು?" ಅಂತ ಒಂದು ಹುಡುಗಿ ಕೇಳಿದಳು. ಅಧ್ಯಕ್ಷರು ಶಿಸ್ತಿನ ಮನುಷ್ಯ, ಯಾರು ದಾರಿ ಕೇಳಿದ್ರೂ ಅರ್ಧಂಬರ್ಧ ಹೇಳೋರಲ್ಲ. ಎಲ್ಲಿ ಬಲಕ್ಕೆ ತಿರುಗಬೇಕು, ಎಲ್ಲಿ ಒಳ್ಳೆ ಹೋಟೆಲ್ ಇದೆ, ತಡಿಯಂಡಮೋಳು ಬೆಟ್ಟ ಹತ್ತೋರು ಯಾವ ಶೂ ಹಾಕಬೇಕು, ಎಲ್ಲ ವಿವರಿಸಿದ್ರು. ಕಾರಿನ ಹಿಂದೆ ವಾಹನಗಳೆಲ್ಲ ನಿಂತವು. ಎರಡೂ ಬದಿ ಕಾಯ್ತಿದ್ದ ಜನ ಅದೇ ಸಮಯ ಅಂತ ಆರಾಮಾಗಿ ದಾಟಿಕೊಂಡು ಹೋದ್ರು. ಕಾರು ಹೋಯ್ತು, ವಾಹನ ಮತ್ತೆ ನುಗ್ಗಿದವು. ದಾಟದೇ ಉಳಿದವರು ಸಮಿತಿಯವರು ಮಾತ್ರ.

ಜೀಬ್ರಾ ಇಳಿದ ಜಾಗ

ಆ ಭಯಕ್ಕೇ ಇರಬೇಕು, ಸಮಿತಿ ಮಾರನೇ ವಾರವೇ ಜೀಬ್ರಾ ಪಟ್ಟಿಗೆ ಶಿಫಾರಸು ಮಾಡಿತು. ಇಂಜಿನಿಯರ್ ಟೇಪು ಹಿಡಿದು ಅಳೆದು ಅಳೆದು, ತಿರುವಿಲ್ಲದ ಜಾಗ ಇದೊಂದೇ ಅಂತ ಬೇಕರಿ ಮುಂದೆ ಪಟ್ಟಿ ಬಳಿಸಿಬಿಟ್ಟ. ನಮ್ಮನೆಯಿಂದ ದೂರವೇ, ಆದ್ರೂ ಪರವಾಗಿಲ್ಲ, ಸುತ್ತಿಕೊಂಡು ಅಕ್ಕನ ಮನೆಗೆ ಹೋಗಬಹುದು ಅಂತ ಧೈರ್ಯ ತಂದುಕೊಂಡು ಹೋದೆ.

ಹೋದ್ರೆ ಪಟ್ಟಿ ಮೇಲೆ ಒಂದು ನರಪಿಳ್ಳೆ ಇಲ್ಲ. ಜನ ಅದರ ಆಚೆ ಈಚೆ ಪ್ರಾಣ ಕೈಯಲ್ಲಿ ಹಿಡಿದು ಓಡ್ತಿದ್ದಾರೆ, ಪಟ್ಟಿ ಮಾತ್ರ ಖಾಲಿ. ಇದೇನಪ್ಪಾ ಅಂದುಕೊಂಡು ನಾನು ಒಬ್ಬಳೇ ಕಾಲಿಟ್ಟೆ. ಆಶ್ಚರ್ಯ ಅಂದ್ರೆ ಒಂದೆರಡು ಗಾಡಿ ನಿಂತವು ಕೂಡ! ಅರ್ಧ ದಾರಿಯಲ್ಲಿ ತಲೆ ಎತ್ತಿ ನೋಡ್ತೀನಿ, ಪಟ್ಟಿ ಸೀದಾ ಹೋಗಿ ಮುಗಿಯೋದು ಬ್ರಾಂದಿ ಅಂಗಡಿಯ ಮೆಟ್ಟಿಲಿಗೆ. ನನ್ನ ಹಳೇ ವಿದ್ಯಾರ್ಥಿಗಳು ಒಂದಷ್ಟು ಜನ ಅಲ್ಲೇ ನಿಂತಿದ್ರು. ನನ್ನನ್ನು ನೋಡಿದ್ದೇ ತಡ, ಗಡಬಡಿಸಿ ದಾರಿ ಬಿಟ್ಟರು.

ಒಬ್ಬ ಮಾತ್ರ ಕೈ ಮುಗಿದು, "ಟೀಚರ್, ನೀವ್ಯಾಕೆ ಬಂದ್ರಿ? ಹೇಳಿ ಕಳಿಸಿದ್ರೆ ಮನೆಗೇ ತಂದು ಕೊಡ್ತಿದ್ದೆ," ಅಂದ.

ತಿತಿಮತಿ ಬಸ್ಸು

ಇದು ಸಮಿತಿಯ ವಿಷಯ ಅಲ್ಲ, ಆದ್ರೆ ಸಮಿತಿಗೆ ಬುದ್ಧಿ ಬಂದದ್ದು ಇದರಿಂದಲೇ.

ನೆಂಟರ ಮನೆಗೆ ಅಂತ ತಿತಿಮತಿಗೆ ಹೋಗಿದ್ದವಳು ಮಧ್ಯಾಹ್ನದ ಪ್ರೈವೇಟ್ ಬಸ್ಸಲ್ಲಿ ವಾಪಸ್ ಬರ್ತಿದ್ದೆ. ಆ ಡ್ರೈವರ್ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆ ಮುಂದೆ ಹಾರ್ನ್ ಹಾಕಿಕೊಂಡು ಹಾರಿ ಹೋಗೋನು ಇವನೇ. ಕಾಡಿನ ಅಂಚಿಗೆ ಬಂದಾಗ ಬಸ್ಸು ತಟಕ್ಕನೆ ನಿಂತುಬಿಟ್ಟಿತು. ನೋಡಿದ್ರೆ ರಸ್ತೆ ಬದಿಯಲ್ಲಿ ಆನೆ. ಒಂದಲ್ಲ, ಮರಿಗಳ ಸಮೇತ ಇಡೀ ಸಂಸಾರ. ನನ್ನ ಜೀವ ಬಾಯಿಗೆ ಬಂತು. ಡ್ರೈವರ್ ಹಾರ್ನ್ ಮುಟ್ಟಲಿಲ್ಲ, ಅವಸರ ಮಾಡಲಿಲ್ಲ. ದಾಟೋವಾಗ ಒಂದು ಮರಿ ನಡು ರಸ್ತೆಯಲ್ಲಿ ನಿಂತು ಏನೋ ಮೂಸಿ ನೋಡ್ತಾ ಕಾಲಹರಣ ಮಾಡ್ತು, ಅದಕ್ಕೂ ಕಾದ. ಕೊನೆಯ ಆನೆ ಕಾಡು ಸೇರಿದ ಮೇಲೂ ಇನ್ನಷ್ಟು ಹೊತ್ತು ತಡೆದು, ಆಮೇಲೆ ಗಾಡಿ ಎತ್ತಿದ.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು ನೋಡಿ. ಇಳಿಯೋವಾಗ ಕೇಳಿಯೇ ಬಿಟ್ಟೆ, "ಅಲ್ಲಯ್ಯಾ, ಆನೆಗೆ ಇಷ್ಟು ಮರ್ಯಾದೆ ಕೊಡ್ತೀಯ, ಮನುಷ್ಯರು ದಾಟೋವಾಗ ಒಂದು ಗಳಿಗೆ ನಿಲ್ಲಿಸೋಕೆ ಏನು ದಾಡಿ ನಿನಗೆ?"

ಅವನು ಶಾಂತವಾಗಿ, "ಟೀಚರ್, ಸಿಟ್ಟು ಬಂದ್ರೆ ನೀವು ಬಸ್ ಮಗುಚಿ ಹಾಕ್ತೀರಾ?" ಅಂದ.

ಕೆಂಪು ರಿಬ್ಬನ್

ಈ ಮಾತನ್ನು ಸಭೆಯಲ್ಲಿ ಹೇಳಿದೆ. "ನನಗೇನೂ ದೊಡ್ಡ ಆಸೆ ಇಲ್ಲ. ಅಕ್ಕನ ಮನೆಗೆ ನನ್ನ ಕಾಲ ಮೇಲೆ ನಡೆದುಕೊಂಡು ಹೋಗಬೇಕು, ಅಷ್ಟೇ," ಅಂದೆ. ಯಾರೂ ನಗಲಿಲ್ಲ. ಅಧ್ಯಕ್ಷರು ಮೇಜು ಗುದ್ದಿದ್ರು. ಇಂಜಿನಿಯರ್ ತಲೆ ತಗ್ಗಿಸಿದ. ಅಂತೂ ಇಂತೂ ನಮ್ಮನೆ ಮುಂದೆ, ಅಕ್ಕನ ನೀಲಿ ಗೇಟಿಗೆ ಸರಿಯಾಗಿ, ಹೊಸ ಪಟ್ಟಿ ಬಿತ್ತು. ಉದ್ಘಾಟನೆ ಇಲ್ಲದೆ ನಮ್ಮಲ್ಲಿ ನಲ್ಲಿಯಲ್ಲೂ ನೀರು ಬಿಡಲ್ಲ. ಇದಕ್ಕೂ ಒಬ್ಬ ಮುಖ್ಯ ಅತಿಥಿಯನ್ನು ಕರೆದ್ರು.

ರಿಬ್ಬನ್ ಕಟ್ಟೋ ಕೆಲಸ ಕಾಕನದ್ದು. ಕೇಕಿನ ಡಬ್ಬಿಗೆ ಕಟ್ಟೋ ಕೆಂಪು ರಿಬ್ಬನ್ ಅವರ ಬೇಕರಿಯಲ್ಲಿ ಬೇಕಾದಷ್ಟು ಬಿದ್ದಿತ್ತು. ಬೆಳಗ್ಗೆ ಬಂದವರೇ ನಮ್ಮ ಕಡೆಯ ಲೈಟ್ ಕಂಬಕ್ಕೆ ಒಂದು ತುದಿ, ಅಕ್ಕನ ಗೇಟಿಗೆ ಇನ್ನೊಂದು ತುದಿ ಕಟ್ಟಿಬಿಟ್ರು.

"ಕಾಕಾ, ರಸ್ತೆಗೇ ಅಡ್ಡ ಕಟ್ಟಿದ್ರಲ್ಲ!" ಅಂತ ಕಿರುಚಿದೆ.

"ಅಂಗಡಿ ಆದ್ರೆ ಬಾಗಿಲಿಗೆ ಅಡ್ಡ. ಇದು ರಸ್ತೆ. ರಸ್ತೆಗೆ ಅಡ್ಡ ಅಲ್ದೆ ಮತ್ತೆ ಎಲ್ಲಿ ಕಟ್ಟೋದು ಟೀಚರೇ?" ಅಂದ್ರು.

ಆಗ ಬಂತು ತಿತಿಮತಿ ಬಸ್ಸು, ಎಂದಿನ ವೇಗದಲ್ಲಿ. ಇವತ್ತು ರಿಬ್ಬನ್ನೂ ಹೋಯ್ತು ಕಾಕನೂ ಹೋದ್ರು ಅಂತ ಮುಖ ಮುಚ್ಚಿಕೊಂಡೆ. ಬ್ರೇಕ್ ಕಿರ್ರ್ ಅಂತು. ಕಣ್ಣು ಬಿಟ್ಟರೆ ಬಸ್ಸು ರಿಬ್ಬನ್ ಮುಂದೆ ಗಪ್‌ಚುಪ್ ನಿಂತಿದೆ! ಹಿಂದೆ ಲಾರಿ, ಜೀಪು, ಪ್ರವಾಸಿ ಕಾರು, ಎಲ್ಲ ಸಾಲಾಗಿ. ಆ ಕಡೆಯೂ ಹಾಗೆಯೇ. ಜೀಬ್ರಾಗೆ ನಿಲ್ಲದವರು, ಮನುಷ್ಯರಿಗೆ ನಿಲ್ಲದವರು, ಕೇಕಿನ ರಿಬ್ಬನ್ನಿಗೆ ನಿಂತಿದ್ರು. ಉದ್ಘಾಟನೆ ಆಗದ ರಿಬ್ಬನ್ ಹರಿದ್ರೆ ಅಪಶಕುನ ತನಗೇ ಸುತ್ತಿಕೊಳ್ಳುತ್ತೆ ಅನ್ನೋ ಹೆದರಿಕೆ ಪ್ರತಿಯೊಬ್ಬ ಡ್ರೈವರಿಗೂ. ಕೆಲವರು ಚಪ್ಪಲಿ ಕಳಚಿ ಕೆಳಗಿಳಿದು ನಿಂತುಕೊಂಡ್ರು.

ಮುಖ್ಯ ಅತಿಥಿ ಇನ್ನೂ ಬಂದಿರಲಿಲ್ಲ. ನಾವು ನಿಲ್ಲಿಸಿದ ವಾಹನಗಳ ಸಾಲಿನಲ್ಲೇ ಅವರ ಕಾರೂ ಸಿಕ್ಕಿಹಾಕಿಕೊಂಡಿತ್ತಂತೆ. ರಸ್ತೆ ತಣ್ಣಗೆ ಬಿದ್ದಿತ್ತು. ಆ ಕಡೆಯಿಂದ ಅಕ್ಕ ಕೋಲೂರಿ ಎದ್ದು ನಿಂತು, "ಬಾರೇ!" ಅಂದಳು. ಈ ಸಲ ಅವಳ ದನಿ ನಡುಗ್ತಿತ್ತು. ರಿಬ್ಬನ್ ಹಿಡಿದುಕೊಂಡು, ದೇವರ ಹೆಸರು ಹೇಳಿಕೊಂಡು ಒಂದೊಂದೇ ಹೆಜ್ಜೆ ಇಟ್ಟೆ. ಗೇಟಿನ ಹತ್ರ ಅಕ್ಕ ನನ್ನ ಕೈ ಹಿಡಿದುಕೊಂಡು, "ಬಂದೆಯಲ್ಲೇ ಪೆದ್ದಿ," ಅಂತ ಅತ್ತೇಬಿಟ್ಟಳು. ನಾನೂ ಅತ್ತೆ. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಕಾಫಿ ಕುಡಿದ್ವಿ.

ಕೊನೆಗೂ ಮುಖ್ಯ ಅತಿಥಿ ನಡೆದುಕೊಂಡೇ ಬಂದ್ರು. ಕತ್ತರಿ ತರೋದು ಮರೆತಿದ್ದ ಕಾಕ, ಕೇಕು ಕತ್ತರಿಸೋ ಉದ್ದದ ಚಾಕು ಕೈಗೆ ಕೊಟ್ಟರು. ಅತಿಥಿಗಳು ನಡು ರಸ್ತೆಯಲ್ಲಿ ನಿಂತು, ಫೋಟೋಗೆ ಮುಖ ಕೊಟ್ಟು, ರಿಬ್ಬನ್ ಕೊಯ್ದರು.

ಅಷ್ಟೇ. ರಿಬ್ಬನ್ ನೆಲಕ್ಕೆ ಬೀಳೋ ಮೊದಲೇ ಎರಡೂ ಕಡೆ ಎಂಜಿನ್ ಗುರ್ರ್ ಅಂದವು, ವಾಹನ ನುಗ್ಗಿದವು. ಮುಖ್ಯ ಅತಿಥಿ ಪಂಚೆ ಎತ್ತಿಕೊಂಡು, ಚಾಕು ಹಿಡಿದುಕೊಂಡೇ ಅಕ್ಕನ ಗೇಟಿನತ್ತ ಓಡಿ ಬಂದ್ರು. "ಅಯ್ಯಯ್ಯೋ, ಯಾವನೋ ಚಾಕು ಹಿಡಿದು ಬರ್ತಿದ್ದಾನೆ ಕಣೇ!" ಅಂತ ಅಕ್ಕ ಕೋಲು ಎತ್ತಿದಳು. ತಡೆಯೋ ಹೊತ್ತಿಗೆ ನನಗೆ ಸಾಕುಸಾಕಾಯ್ತು.

ಕಾಫಿ ಕುಡಿದು ಸುಧಾರಿಸಿಕೊಂಡ ಮೇಲೆ ಮುಖ್ಯ ಅತಿಥಿ ರಸ್ತೆ ಕಡೆ ನೋಡಿದ್ರು. ವೇದಿಕೆ ಹಾಕಿದ್ದು ನಮ್ಮನೆ ಕಡೆ, ಭಾಷಣ ಬಾಕಿ ಇತ್ತು. "ಅಮ್ಮಾ, ಇಲ್ಲಿಂದ ವಾಪಸ್ ಹೋಗೋದು ಹೇಗೆ?" ಅಂತ ಮೆಲ್ಲಗೆ ಕೇಳಿದ್ರು.

"ಆಟೋ ಕರೀತೀನಿ ಇರಿ," ಅಂದೆ.

ಅವರು ಹೋದ ಮೇಲೆ ರಿಬ್ಬನ್ನಿನ ಎರಡೂ ತುಂಡು ತಂದು, ಗಂಟು ಹಾಕಿ, ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡೆ. ಈಗ ದಿನಾ ಸಂಜೆ ಒಂದು ತುದಿಯನ್ನು ಲೈಟ್ ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಎತ್ತಿ ಹಿಡಿದು ನಿಲ್ತೀನಿ. ಎದೆ ಇವತ್ತಿಗೂ ಹೊಡೆದುಕೊಳ್ಳುತ್ತೆ, ಸುಳ್ಳು ಯಾಕೆ ಹೇಳಲಿ. ಆದ್ರೆ ವಾಹನ ನಿಲ್ತವೆ. ನಾನು ರಿಬ್ಬನ್ನಿನ ಸುರುಳಿ ಬಿಚ್ಚಿಕೊಳ್ತಾ ಬಿಚ್ಚಿಕೊಳ್ತಾ ಅಕ್ಕನ ಗೇಟು ಸೇರ್ತೀನಿ. ಮೊನ್ನೆ ಅದೇ ತಿತಿಮತಿ ಬಸ್ಸಿನವನು ತಲೆ ಹೊರಗೆ ಹಾಕಿ ಕೇಳಿದ, "ಟೀಚರ್, ದಿನಾ ರಿಬ್ಬನ್ ಕಟ್ತೀರಲ್ಲ, ಉದ್ಘಾಟನೆ ಯಾವಾಗ?"

"ಮುಖ್ಯ ಅತಿಥಿ ಇನ್ನೂ ಬಂದಿಲ್ಲಪ್ಪ," ಅಂದೆ. ಅವನು ಹೌದು ಹೌದು ಅಂತ ತಲೆಯಾಡಿಸಿ, ಎಂಜಿನ್ ಆಫ್ ಮಾಡಿ ಕೂತ.