ನಮ್ಮ ಮೆಟಲ್ ಆಲ್ಬಮ್ಮನ್ನು ಕೊನೇ ತನಕ ಕೇಳಿದವರು

ನಮ್ಮ ಬ್ಯಾಂಡು ಮುಳುಗಿಹೋದದ್ದನ್ನು ನೆನೆದು ಒಂದು ಸಲವಾದರೂ ನೆಟ್ಟಗೆ ಅತ್ತುಬಿಡೋಣ ಅಂತ ಎಷ್ಟೋ ಕಾಲದಿಂದ ಕಾಯುತ್ತಿದ್ದೇನೆ. ಇನ್ನೇನು ಕಣ್ಣು ತುಂಬಬೇಕು, ಅಷ್ಟರಲ್ಲಿ ಇಂಥದ್ದೊಂದು ನೆನಪಾಗಿ ನಗು ಬಂದುಬಿಡುತ್ತದೆ. ಹಣೇಬರಹ ಅಂದರೆ ಇದೇ ಇರಬೇಕು.

ನಾನು ಗುಂಡ್ಲುಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಟೇಪು, ಸೀಡಿ ಪ್ಲೇಯರ್ ಕೂಡ ಬಿಚ್ಚುತ್ತೇನೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಕೇರಳದ ಲಾರಿಯೊಂದರ ಟೇಪು ರಿಪೇರಿಗೆ ಬಂದಾಗ ಅದರ ಹೊಟ್ಟೆಯಲ್ಲಿ ಹೆಸರಿಲ್ಲದ ಕ್ಯಾಸೆಟ್ಟೊಂದು ಸಿಕ್ಕಿಕೊಂಡಿತ್ತು. ಹಾಕಿ ನೋಡಿದರೆ ಗಿಟಾರು ಸಾಮಿಲ್ಲಿನ ಹಾಗೆ, ಡ್ರಮ್ಮು ಹಿಂದೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ, ಹಾಡುವವನು ಸಾಲ ಕೇಳಲು ಬಂದವನನ್ನು ಬೈದ ಹಾಗೆ. ಥ್ರಾಷ್ ಮೆಟಲ್ ಅಂತ ಅದರ ಹೆಸರು ಅನ್ನುವುದು ಆಮೇಲೆ ಸೈಬರ್ ಸೆಂಟರಿನಲ್ಲಿ ಗೊತ್ತಾಯಿತು. ಅದನ್ನು ಕೇಳಿ ಕೆಟ್ಟವರು ಮೂರು ಜನ. ಬೇಸ್ ಗಿಟಾರು ನಾನು. ಡ್ರಮ್ಮು, ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಬಾರಿಸುತ್ತಿದ್ದ ಚಂದಕವಾಡಿಯ ಗೆಳೆಯ. ಗಿಟಾರು ಹಿಡಿದು ಹಾಡುತ್ತಿದ್ದವನು ಚಾಮರಾಜನಗರದ ಹಾಸಿಗೆ ಅಂಗಡಿ ಸಾಹೇಬರ ಒಬ್ಬನೇ ಮಗ. ಸಾಹೇಬರನ್ನು ನಾವೂ ಚಾಚಾ ಅಂತಲೇ ಕರೆಯುತ್ತಿದ್ದೆವು.

ಆಲ್ಬಮ್ ಮಾಡುತ್ತೇವೆ ಅಂತ ಹೊರಟ ಹೊತ್ತಿಗೇ ಅವನ ಮಾಮು ಸೌದಿಯಿಂದ ರಜಕ್ಕೆ ಬಂದರು. ಅಲ್ಲಿನ ಸೋಫಾ ಫ್ಯಾಕ್ಟರಿಯಲ್ಲಿ ಅಳಿಯನಿಗೆ ಕೆಲಸ ಗೊತ್ತುಮಾಡಿಕೊಂಡೇ ಬಂದಿದ್ದರು. ಇವನು ಹೋಗುವುದಿಲ್ಲ ಅಂತ ಹಟ ಹಿಡಿದ. ಚಾಚಾ ಕೊನೆಗೆ ಒಂದು ಮಾತು ಹೇಳಿದರು.

"ನಾನೇ ಕೇಳಿ ಹೇಳನ ಅಂದ್ರೆ ನನ್ ಕಿವಿಯ ಆ ಹತ್ತಿ ಹಿಂಜೋ ಮಿಷನ್‌ಗೆ ಕೊಟ್ಬುಟ್ಟೆ. ಹೊರಗಿನೋನು ಒಬ್ಬ, ಒಬ್ಬನೇ ಒಬ್ಬ, ನಿಮ್ದು ಪೂರ್ತಿ ಕೇಳಿ 'ಇನ್ನೊಂದ್ಸಲ ಹಾಕು' ಅನ್ಲಿ. ನೀನು ಇಲ್ಲೇ ಇದ್ಕಂಡು ಅದೇನ್ ಬಾರಿಸ್ತೀಯೋ ಬಾರಿಸ್ಕೊ. ಇಲ್ದಿದ್ರೆ ಬಕ್ರೀದ್ ಮುಗಿಸ್ಕಂಡು ಮಾಮು ಜೊತೆ ವಿಮಾನ ಹತ್ತು. ಮನೆಯೋರು, ಬ್ಯಾಂಡಿನೋರು ಲೆಕ್ಕಕ್ಕಿಲ್ಲ."

ಎರಡು ತಾಲ್ಲೂಕಿನಲ್ಲಿ ಒಬ್ಬ ಸಿಗುವುದಿಲ್ಲವೇ ಅಂತ ನಾವು ಖುಷಿಯಾಗಿ ಒಪ್ಪಿಕೊಂಡೆವು. ತಾಲ್ಲೂಕಿನ ಜನ ನಮಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಹತ್ತಿಯ ಮಧ್ಯೆ ರೆಕಾರ್ಡಿಂಗ್

ಸ್ಟುಡಿಯೋ ಎಲ್ಲಿಂದ ತರುವುದು? ಅಂಗಡಿಯ ಹಿಂದೆ ಹತ್ತಿ ಮೂಟೆ ಪೇರಿಸಿಡುವ ಕೋಣೆ ಇತ್ತು. ಒಳಗೆ ಏನು ಬಾರಿಸಿದರೂ ಹತ್ತಿ ನುಂಗಿಕೊಂಡು ಹೊರಗೆ ಪಿಟ್ಟೆನ್ನುತ್ತಿರಲಿಲ್ಲ. ಮದುವೆ ವಿಡಿಯೋದವನ ಹತ್ತಿರ ಮೈಕು ಇಸಕೊಂಡು ಬಂದೆವು. ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಮಿಷನ್ ಇದ್ದದ್ದರಿಂದ, ಅದು ನಿಲ್ಲುವ ಶುಕ್ರವಾರದ ಮಧ್ಯಾಹ್ನವೇ ನಮ್ಮ ರೆಕಾರ್ಡಿಂಗು. ಆ ಮಿಷನ್ನಿನ ಚಕ್ರಕ್ಕೆ ಸುತ್ತಲೂ ಹಲ್ಲು. ಆಲ್ಬಮ್ಮಿಗೂ 'ಹಲ್ಲುಚಕ್ರ' ಅಂತಲೇ ಹೆಸರಿಟ್ಟೆವು.

ನಾಲ್ಕನೇ ಹಾಡಿಗೆ ಮಾತ್ರ ಸಾಹಿತ್ಯ ಹುಟ್ಟಲೇ ಇಲ್ಲ. ಆಗ ಗಾಯಕ, "ದಿನಾ ಬೆಳಿಗ್ಗೆ ಅಬ್ಬಾ ನನಗೆ ಬೈತಾರಲ್ಲ, ಅದನ್ನೇ ಹಾಡ್ಬುಡನ" ಅಂದ. ಚಾಚಾಗೆ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಬೈಗುಳವೆಲ್ಲ ಅಂಗಡಿಯಲ್ಲಿ, ಗಿರಾಕಿಗಳ ಮುಂದೆ. ಮಗ ತಡವಾಗಿ ಎದ್ದು ಬಂದರೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಅಂಗಡಿ ಬಾಗ್ಲು ತೆಗಿಯಾಕೆ ನಿಮ್ಮಪ್ಪ ಬತ್ತಾನಾ?" ಕೇಳುತ್ತಿರುವವರೇ ಅವನ ಅಪ್ಪ ಅನ್ನುವುದನ್ನು ಚಾಚಾಗೆ ನೆನಪು ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಅದನ್ನೇ ಪಲ್ಲವಿ ಮಾಡಿದೆವು.

ದನಿಯೊಂದನ್ನೇ ರೆಕಾರ್ಡ್ ಮಾಡಲು ನಾವಿಬ್ಬರು ಮೂಟೆಗಳ ಹಿಂದೆ ಕೂತು, ಅವನು ಅದನ್ನು ಗಂಟಲು ಹರಿಯುವ ಹಾಗೆ ಕಿರುಚುತ್ತಿರುವಾಗ, ದಿಂಬು ಹೊಲಿಸಲು ಬಂದಿದ್ದ ಮುದುಕಿಯೊಬ್ಬಳು ಕೋಣೆಯ ಬಾಗಿಲು ತಳ್ಳಿ ನೋಡಿದಳು. ಬೆವರು ಸುರಿಸಿಕೊಂಡು, ಮೈಯೆಲ್ಲ ಹತ್ತಿ ಮೆತ್ತಿಕೊಂಡು ಅರಚುತ್ತಿದ್ದವನನ್ನು ಕಂಡು ಅವಳ ಕರುಳು ಚುರ್ ಅಂದಿರಬೇಕು. ನೆಟ್ಟಗೆ ಚಾಚಾ ಹತ್ತಿರ ಹೋಗಿ, "ವಯಸ್ಸಿಗ್ ಬಂದಿರೋ ಮಗನ್ಗ ಅಷ್ಟೊಂದ್ ಬೈಬಾರ್ದು ಸಾಬ್ರೇ. ನೋಡೋಗಿ, ಒಬ್ನೇ ಕೂತ್ಕಂಡು ಎಲ್ಲಾನೂ ವಾಪಸ್ ಬೈತಾವ್ನೆ" ಅಂತ ಕಿವಿಗೆ ಕೂಗಿದಳು.

ತಮ್ಮ ಸುಖಾಗಮನ ಬಯಸುವ

ಸೀಡಿಯ ಹೊದಿಕೆ ಅಚ್ಚು ಹಾಕಿಸಲು ಲಗ್ನಪತ್ರಿಕೆ ಪ್ರೆಸ್ಸಿಗೇ ಕೊಡಬೇಕಾಯಿತು. ಊರಲ್ಲಿ ಇದ್ದದ್ದು ಅದೊಂದೇ. ಹಲ್ಲುಚಕ್ರದ ಫೋಟೋ, ಕೆಳಗೆ ನಮ್ಮ ಮೂವರ ಹೆಸರು, ಮಿಕ್ಕದ್ದು ಕಪ್ಪು ಅಂತ ಬಿಡಿಸಿ ಹೇಳಿ ಬಂದಿದ್ದೆವು.

ಕಟ್ಟು ಬಿಚ್ಚಿ ನೋಡಿದರೆ ಮೇಲಿನ ಒಂದು ಮೂಲೆಯಲ್ಲಿ ಗಣಪತಿ, ಇನ್ನೊಂದು ಮೂಲೆಯಲ್ಲಿ 786. ಮಧ್ಯೆ ರಾಕ್ಷಸನ ಬಾಯಿಯ ಹಾಗೆ ಹಲ್ಲುಚಕ್ರ. ಕೆಳಗೆ 'ತಮ್ಮ ಸುಖಾಗಮನ ಬಯಸುವ' ಅಂತ ಹಾಕಿ ನಮ್ಮ ಮೂವರ ಹೆಸರು. ಅದರ ಕೆಳಗೆ ಬಂಗಾರದ ಬಣ್ಣದಲ್ಲಿ 'ಆಶೀರ್ವಾದವೇ ಉಡುಗೊರೆ'.

ಗಾಯಕ ತಲೆ ಮೇಲೆ ಕೈ ಹೊತ್ತು ಕೂತ. ಪ್ರೆಸ್ಸಿನವರಿಗೆ ಅರ್ಥವೇ ಆಗಲಿಲ್ಲ. "ನೀವು ಎಲ್ಲಾ ಕಪ್ಪು ಅಂದ್ರಿ. ಶುಭಕಾರ್ಯ ನೋಡಿ, ನನಗೆ ಮನಸ್ಸು ಬರ್ಲಿಲ್ಲ. ಅಂದಂಗೆ, ಮುಹೂರ್ತ ಬರ್ಸೋದ ಮರ್ತ್ಬುಟ್ಟಿದ್ದೀರಿ" ಅಂದರು.

ಕಾಗೆ ಮುಟ್ಟುವ ತನಕ

ಯಾರಿಗೆ ಕೇಳಿಸಿದರೂ ಎರಡನೇ ಹಾಡಿಗೆ ಎದ್ದು ಹೋಗುತ್ತಿದ್ದರು. ಕೆಲವರು ಹೋಗುವಾಗ ನಮ್ಮ ಭುಜ ತಟ್ಟಿ, ಎಲ್ಲಾ ಸರಿಹೋಗ್ತದೆ ಬುಡು, ಅಂತ ಸಮಾಧಾನ ಹೇಳುತ್ತಿದ್ದರು. ಬಕ್ರೀದ್ ಹತ್ತಿರ ಬರುತ್ತಿತ್ತು. ಎದ್ದು ಹೋಗಲಾರದ ಜನ ಬೇಕು, ಅಂಥವರು ಎಲ್ಲಿ ಸಿಗುತ್ತಾರೆ ಅಂತ ಯೋಚಿಸಿ ಯೋಚಿಸಿ ಡ್ರಮ್ಮಿನವನಿಗೆ ಒಂದು ಹೊಳೆಯಿತು. ತಿಥಿಮನೆ. ಎಡೆ ಇಟ್ಟ ಮೇಲೆ ಕಾಗೆ ಬಂದು ಮುಟ್ಟುವ ತನಕ ಯಾರೂ ಊಟಕ್ಕೆ ಏಳುವ ಹಾಗಿಲ್ಲ.

ಉಡಿಗಾಲ ಅನ್ನುವ ಊರಿನಲ್ಲಿ ವಯಸ್ಸಾದ ಯಜಮಾನರೊಬ್ಬರ ತಿಥಿ. ಮೈಕ್‌ಸೆಟ್ಟಿನವನು ಡ್ರಮ್ಮಿನವನ ನೆಂಟ. ಭಕ್ತಿಗೀತೆಯ ಸೀಡಿ ಗೀರುಬಿದ್ದು ಒಂದೇ ಸಾಲಿನಲ್ಲಿ ಸುತ್ತತೊಡಗಿದಾಗ, ನೆಂಟ ನೀರು ಕುಡಿಯಲು ಹೋದದ್ದನ್ನು ನೋಡಿಕೊಂಡು ಇವನು ನಮ್ಮದನ್ನು ಹಾಕೇಬಿಟ್ಟ.

ಮೊದಲ ಹಾಡಿಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯದಕ್ಕೆ ಹೆಂಗಸರು ಮಕ್ಕಳ ಕಿವಿ ಮುಚ್ಚಿದರು. ಆದರೂ ಒಬ್ಬರೂ ಏಳಲಿಲ್ಲ. ನಾವು ಹುಣಸೆಮರದ ಕೆಳಗೆ ಕೂತು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೆವು. ಬಾಳೆಲೆಯ ಮುದ್ದೆ ಆರುತ್ತಿತ್ತು. ಕಾಗೆಯೊಂದು ಬಂದು ಹೆಂಚಿನ ಮೇಲೆ ಕೂತು, ಕತ್ತು ಓರೆಮಾಡಿ ಸ್ವಲ್ಪ ಹೊತ್ತು ಕೇಳಿ, ಪಕ್ಕದೂರಿನ ಕಡೆಗೆ ಹಾರಿಹೋಯಿತು. ಹಿರಿಯರೊಬ್ಬರು ನಮ್ಮ ಕಡೆ ತಿರುಗಿ, "ಅದ ನಿಲ್ಸ್ರಲಾ. ಇಲ್ದಿದ್ರೆ ಸಂಜಿಗ ನಮ್ಗೂ ಎಡೆ ಇಡ್ಬೇಕಾಯ್ತದೆ" ಅಂದರು.

ನಾಲ್ಕನೇ ಹಾಡಿನ ಮಧ್ಯೆ ನಿಲ್ಲಿಸಿದೆವು. ನಿಲ್ಲಿಸಿದ್ದೇ ತಡ ಕಾಗೆ ಬಂತು, ಮುಟ್ಟಿತು. ನಾವು ತಲೆ ತಗ್ಗಿಸಿಕೊಂಡು ಹೊರಟಾಗ ತೀರಿಕೊಂಡವರ ಹೆಂಡತಿಯೇ ಬಂದು ಊಟಕ್ಕೆ ಕೂರಿಸಿದರು. "ಬೇಜಾರ್ ಮಾಡ್ಕಬ್ಯಾಡಿ ಮಕ್ಕಳಾ. ಊಟದ ಒತ್ನಲ್ಲಿ ಗಲಾಟೆ ಆದ್ರೆ ನಮ್ ಯಜಮಾನ್ರು ಬದುಕಿದ್ದಾಗ್ಲೂ ಇಂಗೇ ಎದ್ದು ಓಗ್ಬುಡೋರು" ಅಂದರು.

ಸಿಕ್ಕಿದ ಒಬ್ಬ

ಈರುಳ್ಳಿ ತುಂಬಲು ಗುಂಡ್ಲುಪೇಟೆಗೆ ಬರುತ್ತಿದ್ದ ಕೇರಳದ ಲಾರಿ ಡ್ರೈವರ್ ಒಬ್ಬರಿದ್ದರು. ಅವರ ಸೀಡಿ ಪ್ಲೇಯರ್ ರಿಪೇರಿ ಮಾಡಿ, ಒಳಗೆ ನಮ್ಮ ಸೀಡಿ ಹಾಕಿಯೇ ಕೊಟ್ಟಿದ್ದೆ. ಮುಂದಿನ ಸಲ ಬಂದವರು ಅಂಗಡಿ ಮುಂದೆ ನಿಂತು, "ಫುಲ್ ಕೇಟ್ಟು, ಫುಲ್ ಕೇಳ್ದೆ. ಘಾಟಿ ಇಳಿಯೋವರೆಗೂ ಫುಲ್" ಅಂದರು.

"ಇನ್ನೊಂದ್ಸಲ?" ಅಂದೆ.

"ಇನ್ನೊಂದ್ಸಲ, ಇನ್ನೊಂದ್ಸಲ. ತಿರುಗಾ ತಿರುಗಾ."

ಎಸ್‌ಟಿಡಿ ಬೂತಿಗೆ ಓಡಿ ಚಾಮರಾಜನಗರಕ್ಕೆ ಫೋನ್ ಮಾಡಿ, "ಸಿಕ್ಕಿದ ಕಣ್ಲಾ, ನಿಮ್ಮಪ್ಪನ್ನ ಕರ್ಕಂಡ್ ಬಾ" ಅಂದೆ. ಲೋಡು ತುಂಬುವ ತನಕ ಲಾರಿ ಈರುಳ್ಳಿ ಮಂಡಿಯಲ್ಲೇ ಇರುತ್ತದೆ. ಬಸ್ಸಿಳಿದು ಅಪ್ಪ ಮಗ ಇಬ್ಬರೂ ಓಡೋಡಿ ಬಂದರು. ಗಾಯಕ ಇಸ್ತ್ರಿ ಮಾಡಿದ ಷರಟು ಹಾಕಿದ್ದ. ಅವನ ಮುಖ ಅಷ್ಟು ಬೆಳಗಿದ್ದನ್ನು ನಾನು ಆಮೇಲೆ ನೋಡಿಲ್ಲ.

"ಚೇಟಾ, ಇವ್ರಿಗೆ ಹೇಳಿ" ಅಂದೆ.

ಡ್ರೈವರ್ ಹೇಳಿದರು. ಪ್ಲೇಯರಿನ ಬಟನ್ ಒತ್ತಿದರೆ ನಿಲ್ಲುತ್ತಿಲ್ಲ. ಸೀಡಿ ಹೊರಗೆ ಬರುತ್ತಿಲ್ಲ. ಲಾರಿ ಚಾಲೂ ಮಾಡಿದರೆ ಅದೂ ಚಾಲೂ. ರಿಪೇರಿ ಮಾಡಿದವನು ನಾನೇ ಆದ್ದರಿಂದ ಅದನ್ನು ಕಿತ್ತುಕೊಡಬೇಕು, ಅದಕ್ಕೇ ಬಂದದ್ದು.

ಚಾಚಾಗೆ ಏನೂ ಕೇಳಿಸಲಿಲ್ಲ. "ಏನಂತೆ? ಏನಂತೆ?" ಅಂತ ಮಗನ ಕಡೆ ತಿರುಗಿದರು. ಅವನು ಅವರ ಕಿವಿಯ ಹತ್ತಿರ ಬಗ್ಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದ: "ಬೇಕು ಅಂತ ಕೇಳಿಲ್ಲ ಅಬ್ಬಾ! ನಿಲ್ಸಕ್ಕಾಗ್ದೆ ಕೇಳವ್ರೆ!" ಮೂಟೆ ಹೊರುತ್ತಿದ್ದವರು ಹೊತ್ತಲ್ಲೇ ನಿಂತರು. ತೂಕದವನು ತಕ್ಕಡಿ ಬಿಟ್ಟು ತಿರುಗಿದ. ಇಡೀ ಮಂಡಿ ಕೆಲಸ ನಿಲ್ಲಿಸಿ, ಕೊನೇ ತನಕ ಕೇಳಿದ ನಮ್ಮ ಒಂದೇ ಒಂದು ಹಾಡು ಅದು.

ಗಿಳಿಗಳು

ಬಕ್ರೀದ್ ಬಂತು. ಗಾಯಕ ಗಿಟಾರನ್ನು ಹತ್ತಿ ಮೂಟೆಯೊಳಗೆ ತೂರಿಸಿಟ್ಟು ಮಾಮು ಜೊತೆ ಹೋದ. ನಾವು ಬಸ್ ಸ್ಟ್ಯಾಂಡಿನ ತನಕ ಹೋಗಿ ಬಿಟ್ಟುಬಂದೆವು. ಅದನ್ನು ಬರೆಯಲು ನನಗೆ ಇಷ್ಟವೂ ಇಲ್ಲ.

ಉಳಿದ ಸೀಡಿಗಳನ್ನು ಡ್ರಮ್ಮಿನವನು ಚಂದಕವಾಡಿಗೆ ಒಯ್ದು, ಸೂರ್ಯಕಾಂತಿ ಹೊಲದಲ್ಲಿ ದಾರ ಕಟ್ಟಿ ತೂಗುಹಾಕಿದ. ಬಿಸಿಲಿಗೆ ಪಳಪಳ ಹೊಳೆದರೆ ಗಿಳಿ ಬರುವುದಿಲ್ಲ ಅಂತ ಎಲ್ಲರೂ ಮಾಡುವುದೇ. ಸ್ವಲ್ಪ ದಿನ ಬಿಟ್ಟು ಕೇಳಿದೆ, ಹೆಂಗೈತೆ ಅಂತ.

"ಬೇರೆಯೋರ್ ಸೀಡಿಗ ಎದರ್ತವೆ ಕಣ್ಲಾ" ಅಂದ. "ನಮ್ದರ ದಾರದ್ ಮೇಲೇ ಸಾಲಾಗಿ ಕೂತ್ಕತವೆ. ನಮ್ ಮುಂದ ಕೂತ್ಕಂಡು ಎದ್ದು ಓಗ್ದೆ ಇರೋವು ಇವೇ ಮೊದ್ಲು. ಓಡ್ಸಕ ನಂಗೂ ಮನ್ಸು ಬತ್ತಾ ಇಲ್ಲ."

ಸೌಂಡು ಸಾಲದು

ಮುಂದಿನ ವರ್ಷ ಚಾಚಾ ಹೇಳಿ ಕಳಿಸಿದರು: ಸೀಡಿ ಪ್ಲೇಯರಿನ ಸೌಂಡು ಸಾಲದು, ಬಂದು ನೋಡು. ಚಾಮರಾಜನಗರಕ್ಕೆ ಹೋದೆ. ಅಂಗಡಿ ಇನ್ನೂ ದೂರವಿರುವಾಗಲೇ ರಸ್ತೆಗೆ ಕೇಳಿಸಿತು. ಹಿಂಜುವ ಮಿಷನ್ ಓಡುತ್ತಿದೆ, ಅದರ ಮೇಲೆ 'ಹಲ್ಲುಚಕ್ರ' ಓಡುತ್ತಿದೆ. ಅಕ್ಕಪಕ್ಕದ ಅಂಗಡಿಯವರು ಕಿವಿಗೆ ಚಾಚಾರ ಹತ್ತಿಯನ್ನೇ ತುರುಕಿಕೊಂಡು ಕೂತಿದ್ದಾರೆ.

ಚಾಚಾ ಮಿಷನ್ ನಿಲ್ಲಿಸಿದರು. ಒಂದು ವರ್ಷಕ್ಕೆ ತುಂಬಾ ಇಳಿದುಹೋಗಿದ್ದರು. ಗಡ್ಡಕ್ಕೆ ಮೆತ್ತಿದ ಹತ್ತಿ ಯಾವುದು, ನರೆ ಯಾವುದು ಗೊತ್ತಾಗುತ್ತಿರಲಿಲ್ಲ.

"ಸೌದಿಯಿಂದ ಫೋನ್ ಮಾಡ್ತಾನೆ" ಅಂದರು. "ನನಗೆ ಒಂದಕ್ಷರ ಕೇಳ್ಸಲ್ಲ. ಅವ್ರಿವ್ರ ಕೈಗೆ ಕೊಟ್ಟು ಏನಂತೆ ಏನಂತೆ ಅಂತ ಕೇಳ್ಬೇಕು. ಇದ್ರಲ್ಲಾದ್ರೆ ಅವನ ದನಿ ಚೆನ್ನಾಗಿ ಕೇಳುಸ್ತದೆ. ಏನಂತಾನೆ ಅಂತ ಮಾತ್ರ ತಿಳಿಯಲ್ಲ. ಅದಕ್ಕೇ ಸೌಂಡ್ ಜಾಸ್ತಿ ಮಾಡು."

ನಾನು ಗುಂಡ್ಲುಪೇಟೆಯಿಂದ ಹೊತ್ತು ತಂದಿದ್ದ ದೊಡ್ಡ ಸ್ಪೀಕರ್ ಸಿಕ್ಕಿಸಿ, ಮೊದಲಿಂದ ಹಾಕಿದೆ. ಚಾಚಾ ಸ್ಪೀಕರಿಗೆ ಕಿವಿ ಒತ್ತಿಕೊಂಡು ಕೂತರು. ನಾಲ್ಕನೇ ಹಾಡು ಬಂದಾಗ ಅವರ ಹುಬ್ಬು ಮೇಲೇರಿತು.

"ಇದು ನಾನು ಬೈದಿದ್ದಲ್ವಾ?"

"ಹೂಂ ಚಾಚಾ" ಅಂತ ಅವರ ಕಿವಿಗೆ ಕೂಗಿದೆ.

"ಎಲ್ಲಾನೂ ಹಾಕವ್ನಾ?"

"ಒಂದೂ ಬಿಟ್ಟಿಲ್ಲ."

ಅವರು ತುಂಬಾ ಹೊತ್ತು ತಲೆದೂಗಿದರು. "ಚೆನ್ನಾಗೇ ಬೈದಿದ್ದೀನಿ" ಅಂದರು.

ಆಲ್ಬಮ್ ಮುಗಿಯಿತು. ಕೊನೇ ತನಕ ಅಲ್ಲಾಡಲಿಲ್ಲ ಅವರು. ಆಮೇಲೆ ಕಣ್ಣು ಒರೆಸಿಕೊಂಡು, "ಇನ್ನೊಂದ್ಸಲ ಹಾಕು" ಅಂದರು.

ನಾನು ಅವರ ಕಿವಿಯಲ್ಲಿ ಕೂಗಿದೆ: "ಚಾಚಾ, ನೀವೇ ಅಂದ್ರಿ ನೋಡಿ. ಪೂರ್ತಿ ಕೇಳಿ ಇನ್ನೊಂದ್ಸಲ ಹಾಕು ಅಂದ್ರಿ. ಅವನನ್ನ ವಾಪಸ್ ಕರೆಸ್ಬೇಕು ನೀವು."

"ಮನೆಯೋರು ಲೆಕ್ಕಕ್ಕಿಲ್ಲ ಅಂದಿದ್ನಲ್ಲಪ್ಪ" ಅಂತ ಎದ್ದು ಮಿಷನ್ ಹತ್ತಿರ ಹೋದರು. ಆದರೆ ಚಾಲೂ ಮಾಡಲಿಲ್ಲ. ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ಕಾಯುತ್ತಾ ನಿಂತರು.

ಮತ್ತೆ ಹಾಕಿದೆ. ನಾಲ್ಕನೇ ಹಾಡು ಬಂತು. ಸೌದಿಯಲ್ಲಿರುವ ಮಗ ಚಾಮರಾಜನಗರದ ಬೀದಿಗೆಲ್ಲ ಕೇಳಿಸುವ ಹಾಗೆ ಅಪ್ಪನನ್ನು ಕೇಳಿದ: ಅಂಗಡಿ ಬಾಗ್ಲು ತೆಗಿಯಾಕೆ ನಿಮ್ಮಪ್ಪ ಬತ್ತಾನಾ?

ಚಾಚಾ ಸ್ಪೀಕರಿನ ಕಡೆ ತಿರುಗಿ, ಕಿವುಡರು ಮಾತಾಡುವ ಹಾಗೆ ಜೋರಾಗಿ ಉತ್ತರ ಕೊಟ್ಟರು.

"ಬತ್ತಾನೆ ಕಣೋ. ದಿನಾ ಅವ್ನೇ ಬಂದು ತೆಗೀತಾವ್ನೆ."